ಚಹವೂ ಅದರ ಜೊತೆಯ ತಿನಿಸೂ

ನೀರನ್ನು ಬಿಟ್ಟರೆ ಜಗತ್ತಿನ ಜನರು ಅತ್ಯಂತ ಹೆಚ್ಚಾಗಿ ಕುಡಿಯುವ ಪಾನೀಯವು ಚಹವೆಂಬುದು ಸರ್ವವಿದಿತವಾದ ವಿಷಯ. ಆದರೆ ಚಹವನ್ನು ಬರಿದಾಗಿ ಕುಡಿದು ತೃಪ್ತರಾಗುವವರು ವಿರಳ. ಜಪಾನಿನವರು ಕಹಿಯಾದ ಹಸಿರು ಚಹಕ್ಕೆ ಮೊದಲು ಸಿಹಿಯ ತುಣುಕೊಂದನ್ನು ಬಾಯಿಗಿಡುವರು. ಇಂಗ್ಲೆಂಡಿನವರಿಗೆ ಬಿಸ್ಕತ್ತಿಲ್ಲದೆ ಚಹವು ರುಚಿಸದು. ನಮ್ಮ ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ಸೀಮೆಯವರು ಚಹದ ಜೊತೆಗೆ ಏನನ್ನು ತಿನ್ನುತ್ತಾರೆ, ಅದನ್ನೇ ಏಕೆ ಆರಿಸಿಕೊಂಡರು, ಆ ಆಯ್ಕೆಯಲ್ಲಿ ಅಡಗಿರುವ ವಿವೇಕವೇನು ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಈ ಸೀಮೆಯು ಅಡಕೆ, ತೆಂಗು, ಗೇರು, ರಬ್ಬರುಗಳ ನಾಡೇ ಹೊರತು ಚಹದ ನಾಡಲ್ಲ. ಸುಳ್ಯದಿಂದ ಸಂಪಾಜೆಯ ಘಟ್ಟವನ್ನೇರಿದರೆ ಸಿಕ್ಕುವುದು ಕೊಡಗು. ಅಲ್ಲಿ ಬೆಳೆಯುವುದು ಕಾಫಿ. ಹಿಂದಿನ ಕಾಲದಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲವನ್ನೂ ಒಂದು ತಂಬಿಗೆ ನೀರನ್ನೂ ಕೊಡುವುದು ಇಲ್ಲಿಯ ಉಪಚಾರವಾಗಿತ್ತು. ಕೆಲವು ಮನೆಗಳಲ್ಲಿ ಅದು ಈಗಲೂ ಉಂಟು. ಕೊತ್ತಂಬರಿ, ಜೀರಿಗೆಗಳನ್ನು ಹುರಿದು ಪುಡಿಮಾಡಿ ಕುದಿಸಿದ ಕಷಾಯವೂ ಬಹು ಮನೆಗಳ ನಿತ್ಯದ ಪಾನೀಯವಾಗಿತ್ತು. ಚಹವು ಇವುಗಳ ನಡುವೆ ಬಂದು ಸೇರಿದ ಹೊಸ ನೆಂಟ. ಭಾರತದಲ್ಲಿ ಬೆಳೆದ ಚಹವು ಬಹುಕಾಲ ಪರದೇಶಕ್ಕೇ ಹೋಗುತ್ತಿತ್ತು. 1903ರಲ್ಲಿ ಅದರ ಮೇಲೆ ವಿಶೇಷ ಸುಂಕವೊಂದನ್ನು ವಿಧಿಸಿ, ಆ ಹಣದಿಂದ ಚಹದ ಪ್ರಚಾರವನ್ನು ಕೈಕೊಂಡ ತರುವಾಯವೇ ಅದು ಮೆಲ್ಲಮೆಲ್ಲನೆ ಸಾಮಾನ್ಯರ ಅಡಿಗೆಮನೆಯನ್ನು ಹೊಕ್ಕಿತು. ನೆಂಟನು ಹೊಸಬನಾದರೂ ಅವನನ್ನು ಉಪಚರಿಸಿದ ತಿನಿಸುಗಳು ಹಳೆಯವೇ.

ಬಿಸ್ಕತ್ತು ಎಂಬ ಮಾತಿನ ಅರ್ಥವನ್ನು ನೋಡಿದರೆ ಈ ವಿಷಯವು ಸ್ಪಷ್ಟವಾಗುತ್ತದೆ. ಲ್ಯಾಟಿನ್ ಮೂಲದಿಂದ ಬಂದ ಆ ಶಬ್ದಕ್ಕೆ 'ಎರಡು ಬಾರಿ ಬೇಯಿಸಿದ್ದು' ಎಂದರ್ಥ. ಒಮ್ಮೆ ಬೇಯಿಸಿದ ರೊಟ್ಟಿಯನ್ನು ಮತ್ತೊಮ್ಮೆ ಒಲೆಗಿಟ್ಟು ಅದರ ನೀರಿನ ಅಂಶವನ್ನೆಲ್ಲ ತೆಗೆದುಬಿಟ್ಟರೆ ಅದು ತಿಂಗಳುಗಟ್ಟಲೆ ಕೆಡದೆ ಉಳಿಯುವುದು. ದೀರ್ಘವಾದ ಸಮುದ್ರಯಾನದಲ್ಲಿ ನಾವಿಕರಿಗೆ ಇದೇ ಆಹಾರ. ಈ ಲೆಕ್ಕದಲ್ಲಿ ಇಂದಿನ ಅಂಗಡಿಯ ರಸ್ಕ್ ಎಂಬುದೇ ನಿಜವಾದ ಬಿಸ್ಕತ್ತು.

ಈಗ ನಮ್ಮ ಹಲಸಿನ ಹಪ್ಪಳವನ್ನು ನೋಡಿರಿ. ಬೇಸಗೆಯಲ್ಲಿ ಬಲಿತ ಹಲಸಿನ ಕಾಯಿಯ ಸೊಳೆಗಳನ್ನು ಹಬೆಯಲ್ಲಿ ಬೇಯಿಸಿ, ಉಪ್ಪು ಮೆಣಸುಗಳನ್ನು ಸೇರಿಸಿ ಕುಟ್ಟಿ, ಉಂಡೆ ಕಟ್ಟಿ, ಒತ್ತಿ, ಚಾಪೆಯ ಮೇಲೆ ಹರಡಿ ಬಿಸಿಲಿಗೆ ಒಣಗಿಸುವರು. ಆಟಿ ತಿಂಗಳ ಮಳೆಯು ಹಗಲಿರುಳು ಸುರಿಯುವಾಗ ಅದನ್ನು ತೆಂಗಿನೆಣ್ಣೆಯಲ್ಲಿ ಕರಿದು, ಕಾಯಿಯ ಚೂರುಗಳೊಡನೆ, ಬಿಸಿ ಚಹದ ಜೊತೆಗೆ ತಿನ್ನುವರು. ಒಮ್ಮೆ ಹಬೆಯಲ್ಲಿ, ಮತ್ತೊಮ್ಮೆ ಎಣ್ಣೆಯಲ್ಲಿ, ಹೀಗೆ ಇದೂ ಎರಡು ಬಾರಿ ಬೆಂದದ್ದೇ. ನಾವಿಕನಿಗೆ ಕಡಲು ದೀರ್ಘವಾದಂತೆ ನಮ್ಮ ಕೃಷಿಕನಿಗೆ ಮಳೆಗಾಲವು ದೀರ್ಘ. ಇಬ್ಬರೂ ಒಂದೇ ಉಪಾಯವನ್ನು ಕಂಡುಕೊಂಡರು. ಬತ್ತವನ್ನು ನೆನೆಸಿ, ಹುರಿದು, ಕುಟ್ಟಿ ಮಾಡಿದ ಅವಲಕ್ಕಿಯೂ, ಡಬ್ಬಿಯಲ್ಲಿ ತುಂಬಿಟ್ಟ ಚಕ್ಕುಲಿಯೂ ಇದೇ ಜಾತಿಯವು. ಬಿಸಿಯಾದ ದ್ರವಕ್ಕೆ ಒಣಗಿದ ಗರಿಗರಿಯಾದ ತಿನಿಸೇ ಜೊತೆ ಎಂಬುದನ್ನು ನಮ್ಮ ಹಿರಿಯರು ಯಾರಿಂದಲೂ ಕಲಿಯಬೇಕಾಗಿರಲಿಲ್ಲ.

ಇನ್ನು ಚಹದ ಬಗೆಗಳು. ನಮ್ಮಲ್ಲಿ ಬಹುವಾಗಿ ಬಳಕೆಯಲ್ಲಿರುವುದು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿಸಿದ ಹರಳು ಚಹ ಮತ್ತು ಅದರ ಪುಡಿ. ಈ ವಿಧಾನವು 1930ರ ಸುಮಾರಿಗೆ ಅಸ್ಸಾಮಿನಲ್ಲಿ ಹುಟ್ಟಿತು. ಇದರ ಬಣ್ಣವೂ ಒಗರೂ ನೀರಿಗೆ ಬೇಗನೆ ಇಳಿಯುತ್ತವೆ. ಆದುದರಿಂದ ಬಹಳ ಹೊತ್ತು ಕುದಿಸಿದರೆ ಕಹಿಯಾಗುವುದು. ಹಾಲಿನಲ್ಲಿರುವ ಸಸಾರಜನಕ ಪದಾರ್ಥವು ಚಹದ ಒಗರನ್ನು ಹಿಡಿದಿಟ್ಟುಕೊಳ್ಳುವುದರಿಂದ ಹಾಲು ಹಾಕಿದ ಚಹವು ನಾಲಗೆಗೆ ಮೃದುವಾಗುತ್ತದೆ. ಹಾಲು ಸಕ್ಕರೆಗಳಿಂದ ಗಟ್ಟಿಯಾದ ಇಂತಹ ಚಹಕ್ಕೆ ಮತ್ತಷ್ಟು ಸಿಹಿಯಾದ ಬಿಸ್ಕತ್ತು ಸಲ್ಲದು. ಸಿಹಿಯನ್ನು ತಿಂದ ಮೇಲೆ ಚಹದ ಸಿಹಿಯು ಮರೆಯಾಗಿ ಒಗರೇ ಮುಂದಾಗುವುದು. ಆಗ ಕೈ ಮತ್ತೆ ಸಕ್ಕರೆಯ ಡಬ್ಬಿಗೆ ಹೋಗುವುದು. ಉಪ್ಪಾದರೋ ಕಹಿಯನ್ನು ತಗ್ಗಿಸುತ್ತದೆ. ಹಾಲಿನ ಚಹಕ್ಕೆ ಹಪ್ಪಳ, ಚಕ್ಕುಲಿ, ಗೋಳಿಬಜೆ, ಒಗ್ಗರಣೆಯ ಅವಲಕ್ಕಿ, ಅಂಗಡಿಯ ಖಾರದ ಬಿಸ್ಕತ್ತು ಒಪ್ಪುವುದು ಈ ಕಾರಣದಿಂದಲೇ. ಶುಂಠಿಯನ್ನು ಜಜ್ಜಿ ಹಾಕಿದ ಚಹಕ್ಕೆ ಮಾತ್ರ ಖಾರವು ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಅದಕ್ಕೆ ಬಾಳೆಹಣ್ಣು ಕಲಸಿ ಕರಿದ, ತುಸುವೇ ಸಿಹಿಯಾದ ಬನ್ಸ್ ಲೇಸು.

ಕಣ್ಣ ಚಾ ಎಂದು ಇಲ್ಲಿಯವರು ಕರೆಯುವ ಹಾಲಿಲ್ಲದ ಚಹದ ಮಾತು ಬೇರೆ. ಅದರಲ್ಲಿ ಒಗರು ಮುಚ್ಚುಮರೆಯಿಲ್ಲದೆ ಇರುವುದರಿಂದ ಜೊತೆಗೆ ಸಿಹಿಯೂ ಜಿಡ್ಡೂ ಬೇಕು. ಅದಕ್ಕೆ ಬೆಣ್ಣೆಯ ಬಿಸ್ಕತ್ತು ಹೊಂದುತ್ತದೆ. ಕೇರಳದಿಂದ ಬಂದು ಕಡಬದ ಸುತ್ತಮುತ್ತ ನೆಲಸಿದ ಕ್ರೈಸ್ತ ಕೃಷಿಕರ ಮನೆಗಳಲ್ಲಿ ಅಕ್ಕಿಹಿಟ್ಟು ತೆಂಗಿನ ಹಾಲುಗಳಿಂದ ಅಚ್ಚಿನಲ್ಲಿ ಕರಿಯುವ ಅಚ್ಚಪ್ಪವೂ ಹೊಂದುತ್ತದೆ. ಏನೂ ಇಲ್ಲದಿದ್ದರೆ ಒಂದು ಕಡಿ ಬೆಲ್ಲವನ್ನು ಕಚ್ಚಿಕೊಂಡು ಗುಟುಕು ಗುಟುಕಾಗಿ ಕುಡಿಯುವುದೂ ಉಂಟು. ಹಳೆಯ ಬೆಲ್ಲ ನೀರಿನ ಉಪಚಾರವು ಇಲ್ಲಿ ವೇಷ ಬದಲಿಸಿ ನಿಂತಿದೆ. ಏಲಕ್ಕಿಯ ಚಹಕ್ಕೂ ಮಜ್ಜಿಗೆಹುಲ್ಲಿನ ಚಹಕ್ಕೂ ತಮ್ಮದೇ ಆದ ಪರಿಮಳವಿರುವುದರಿಂದ ಅವುಗಳ ಜೊತೆಗೆ ರಸ್ಕ್‌ನಂತಹ ಸಪ್ಪೆಯಾದ ತಿನಿಸೇ ಉತ್ತಮ.

ಪುತ್ತೂರಿನ ಕಡೆಯ ಉಪಾಹಾರಗೃಹಗಳಲ್ಲಿ 'ಬಿಸ್ಕುಟು ರೊಟ್ಟಿ' ಎಂಬ ತಿಂಡಿಯುಂಟು. ಪರಸ್ಥಳದವರು ಹೆಸರನ್ನು ಕೇಳಿ ಮೋಸಹೋಗಬಾರದು, ಅದರಲ್ಲಿ ಬಿಸ್ಕತ್ತಿಲ್ಲ. ರವೆ, ಕಾಯಿತುರಿ, ಹಸಿಮೆಣಸು, ಇಂಗು, ಕರಿಬೇವುಗಳ ಹೂರಣವನ್ನು ಹಿಟ್ಟಿನೊಳಗಿಟ್ಟು ಲಟ್ಟಿಸಿ ಕರಿದ ಪೂರಿಯದು. ಕಚ್ಚಿದರೆ ಬಿಸ್ಕತ್ತಿನಂತೆ ಮುರಿಯುವುದು. ಹಾಲಿನ ಚಹಕ್ಕೆ ಇದಕ್ಕಿಂತ ತಕ್ಕ ಸಂಗಾತಿ ದುರ್ಲಭ. ಮೇಲಾಗಿ, ಬಿಸ್ಕತ್ತಿಗೆ ಬೇಕಾಗುವ ಒಳ್ಳೆಯ ಸಾಮಗ್ರಿಗಳು ಈ ಸೀಮೆಯಲ್ಲೇ ಬೆಳೆಯುತ್ತವೆ. ಅಡಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೊ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೆಟ್ ಕಾರ್ಖಾನೆಯನ್ನು ತೆರೆಯಿತು. ಅದೇ ವರ್ಷ ಗೇರು ಬೆಳೆಯ ರಾಷ್ಟ್ರೀಯ ಸಂಶೋಧನಾ ಕೇಂದ್ರವೂ ಅಲ್ಲಿಯೇ ಸ್ಥಾಪಿತವಾಯಿತು. ಅಡಕೆಯ ನೆರಳಿನ ಕೋಕೋ, ಗುಡ್ಡದ ಗೇರುಬೀಜ, ಮನೆಯ ತೆಂಗು, ಇವನ್ನು ಸೇರಿಸಿ ಮನೆಯಲ್ಲಿಯೇ ಬಿಸ್ಕತ್ತು ಮಾಡುವ ಗೃಹಿಣಿಗೆ ಊರ ಹೊರಗಿನಿಂದ ತರಿಸಬೇಕಾದದ್ದು ಅತ್ಯಲ್ಪ.

ಬಿಸ್ಕತ್ತನ್ನು ಚಹದಲ್ಲಿ ಅದ್ದುವಾಗ ಅದು ಮುರಿದು ತಳಕ್ಕೆ ಬೀಳುವುದೇಕೆಂದು ಮಕ್ಕಳು ಕೇಳುವುದುಂಟು. ಬಿಸ್ಕತ್ತಿನಲ್ಲಿ ಹಿಟ್ಟಿನ ಕಣಗಳನ್ನು ಅಂಟಿಸಿರುವುದು ಸಕ್ಕರೆ ಮತ್ತು ಜಿಡ್ಡು. ಬಿಸಿ ಚಹವು ಸೂಕ್ಷ್ಮವಾದ ರಂಧ್ರಗಳ ಮೂಲಕ ಏರಿ ಸಕ್ಕರೆಯನ್ನು ಕರಗಿಸಿ, ಜಿಡ್ಡನ್ನು ಇಳಿಸಿದೊಡನೆ ಕಟ್ಟಡವೇ ಕುಸಿಯುತ್ತದೆ. ರಸ್ಕ್ ಆದರೋ ಹುದುಗಿಸಿದ ಗೋಧಿಹಿಟ್ಟಿನ ಜಿಗುಟಾದ ಬಲೆಯಿಂದ ಕಟ್ಟಲ್ಪಟ್ಟಿರುವುದರಿಂದ ನೆನೆದರೂ ಹಿಡಿದುಕೊಂಡಿರುವುದು. ಭೌತವಿಜ್ಞಾನಿ ಲೆನ್ ಫಿಷರ್ ಎಂಬುವರು 1999ರಲ್ಲಿ ಇದರ ಗಣಿತವನ್ನು 'ನೇಚರ್' ಪತ್ರಿಕೆಯಲ್ಲಿ ವಿವರಿಸಿದರು. ಬಿಸ್ಕತ್ತನ್ನು ನೆಟ್ಟಗೆ ಮುಳುಗಿಸದೆ, ಮೇಲ್ಮೈ ಒಣಗಿರುವಂತೆ ಅಡ್ಡಲಾಗಿ ತೇಲಿಸಿದರೆ, ಒಣಗಿದ ಭಾಗವು ನೆನೆದ ಭಾಗವನ್ನು ಹೊತ್ತುಕೊಳ್ಳುವುದಂತೆ. ಮಳೆಗಾಲದಲ್ಲಿ ಬಿಸ್ಕತ್ತು ಅದ್ದದೆಯೇ ಮೆತ್ತಗಾಗುವುದು, ಗಾಳಿಯ ತೇವವನ್ನು ಅದು ಹೀರುವುದರಿಂದ. ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿಟ್ಟು, ಮೆತ್ತಗಾದುದನ್ನು ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿಮಾಡಿ ಆರಿಸಿದರೆ ಮೊದಲಿನ ಗರಿಗರಿ ಮರಳುವುದು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಜೊತೆಯ ತಿನಿಸು ಜೊತೆಗೆ ಮಾತ್ರ, ಅದು ಊಟವಲ್ಲ. ಶಾಲೆಗೆ ಹೊರಟ ಮಗುವಿಗೆ ಒಂದು ಲೋಟ ಚಹವನ್ನೂ ನಾಲ್ಕು ಬಿಸ್ಕತ್ತುಗಳನ್ನೂ ಕೊಟ್ಟು ಬೆಳಗಿನ ಆಹಾರವಾಯಿತೆಂದು ಭಾವಿಸುವುದು ಸರಿಯಲ್ಲ. ಮೈದಾ, ಸಕ್ಕರೆ, ಎಣ್ಣೆಗಳು ಹಸಿವನ್ನು ಮುಚ್ಚುತ್ತವೆಯೇ ಹೊರತು ಮೈಯನ್ನು ಬೆಳೆಸುವುದಿಲ್ಲ. ಚಹದ ಒಗರು ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ರಕ್ತಕ್ಕೆ ಸೇರುವುದನ್ನು ತಡೆಯುವುದರಿಂದ, ಊಟಕ್ಕೂ ಚಹಕ್ಕೂ ನಡುವೆ ಒಂದು ಗಂಟೆಯಾದರೂ ಅಂತರವಿರಬೇಕು. ರಕ್ತಹೀನತೆಯಿಂದ ಬಳಲುವ ತಾಯಂದಿರು ಇದನ್ನು ವಿಶೇಷವಾಗಿ ಗಮನಿಸಬೇಕು.

ಲೋಟದಲ್ಲಿರುವ ಚಹದ ಹಿಂದೆ ಕೈಗಳಿವೆ ಎಂಬುದನ್ನು ಈ ಸೀಮೆಯವರು ಬಲ್ಲಷ್ಟು ಬೇರೆಯವರು ಬಲ್ಲರೋ ಇಲ್ಲವೋ. 1964ರ ಅಕ್ಟೋಬರಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಗಳಿಗೂ ಸಿಂಹಳದ ಪ್ರಧಾನಿ ಸಿರಿಮಾವೊ ಬಂಡಾರನಾಯಕೆಯವರಿಗೂ ಒಪ್ಪಂದವಾಯಿತು. ಯಾವ ದೇಶದ ಪೌರತ್ವವೂ ಇಲ್ಲದಿದ್ದ ಸುಮಾರು 9,75,000 ಮಂದಿ ತೋಟಗಾರ ತಮಿಳರಲ್ಲಿ 5,25,000 ಮಂದಿಯನ್ನು ಭಾರತವು ಸ್ವೀಕರಿಸಬೇಕೆಂದು ನಿರ್ಣಯವಾಯಿತು. ಹಾಗೆ ಬಂದವರಲ್ಲಿ ಹಲವು ಕುಟುಂಬಗಳು ಸುಳ್ಯ, ಪುತ್ತೂರು, ಕಡಬದ ಸರಕಾರಿ ರಬ್ಬರು ತೋಟಗಳಲ್ಲಿ ನೆಲೆಗೊಂಡವು. ತಲೆಮಾರುಗಳಿಂದ ಚಹದ ಚಿಗುರನ್ನು ಕೊಯ್ದ ಕೈಗಳು ಇಲ್ಲಿ ನಸುಕಿನಲ್ಲಿ ಎದ್ದು ರಬ್ಬರಿನ ಹಾಲನ್ನು ಇಳಿಸಲು ಕಲಿತವು. ಒಳ್ಳೆಯ ಎಲೆಯು ಹಡಗನ್ನೇರಿ, ಕೊಯ್ದವರಿಗೆ ಪುಡಿಯೇ ಉಳಿಯುವುದು ಆ ತೋಟಗಳ ಹಳೆಯ ಕಥೆ.

ನಮ್ಮ ಅಡಕೆತೋಟಗಳಲ್ಲಿಯೂ ಬೆಳಗ್ಗೆ ಹತ್ತು ಗಂಟೆಗೆ, ಸಾಯಂಕಾಲ ನಾಲ್ಕು ಗಂಟೆಗೆ ಕೆಲಸದವರಿಗೆ ಚಹ ಕೊಡುವ ವಾಡಿಕೆಯಿದೆ. ಒಂದು ಕಾಲದಲ್ಲಿ ಅಂಗಳದಾಚೆ ನಿಂತವರಿಗೆ ಗೆರಟೆಯಲ್ಲಿ ಎರೆಯುತ್ತಿದ್ದ ಪದ್ಧತಿ ಈ ನಾಡಿನಲ್ಲಿತ್ತೆಂಬುದನ್ನು ಮರೆಮಾಚಬೇಕಾದದ್ದಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 15ನೆಯ ವಿಧಿಯಿಂದ ಅಂಗಡಿ, ಉಪಾಹಾರಗೃಹಗಳ ಬಾಗಿಲನ್ನು ಎಲ್ಲರಿಗೂ ತೆರೆಯಿತು. ಕಾನೂನು ಅಂಗಡಿಯ ಬಾಗಿಲನ್ನು ತೆರೆಯಬಲ್ಲದು. ಮನೆಯ ಜಗಲಿಯಲ್ಲಿ ಒಂದೇ ಬಗೆಯ ಲೋಟವನ್ನಿಡುವುದು ಮನೆಯವರ ಕೆಲಸ.

ಆದುದರಿಂದ ಚಹದ ರುಚಿಯನ್ನು ಬಲ್ಲವರು ಮೂರು ಸಂಗತಿಗಳನ್ನು ಲಕ್ಷ್ಯದಲ್ಲಿಡುವುದು ಒಳಿತು. ಹಾಲಿನ ಚಹಕ್ಕೆ ಉಪ್ಪು ಖಾರ, ಹಾಲಿಲ್ಲದ್ದಕ್ಕೆ ಸಿಹಿ ಜಿಡ್ಡು ಎಂಬುದು ಒಂದು. ಅಂಗಡಿಯ ಬಿಸ್ಕತ್ತಿಗೆ ಕೈಚಾಚುವ ಮೊದಲು ಅಟ್ಟದ ಮೇಲಿನ ಹಪ್ಪಳದ ಡಬ್ಬಿಯನ್ನು ನೋಡಬೇಕೆಂಬುದು ಎರಡು. ಮನೆಯವರಿಗೆ ಬಡಿಸಿದ ತಿನಿಸೇ ತೋಟದಲ್ಲಿ ದುಡಿದವರ ತಟ್ಟೆಗೂ ಬರಬೇಕೆಂಬುದು ಮೂರು. ಮೊದಲಿನೆರಡನ್ನು ನಾಲಗೆಯೇ ಕಲಿಸುವುದು; ಮೂರನೆಯದನ್ನು ನಾವೇ ಕಲಿಯಬೇಕು.