ಹುಂಚದಿಂದ ಲೆಸ್ಟರ್‌ವರೆಗೆ: ಹಿರಿಯ ದಂಪತಿಯ ಇಂಗ್ಲೆಂಡ್ ಪ್ರವಾಸಕ್ಕೆ ಬೇಕಾದ ಸಿದ್ಧತೆ

ಹುಂಚ (ಹೊಸನಗರ ತಾ.): ಮಗನೋ ಮಗಳೋ ಇಂಗ್ಲೆಂಡಿನಲ್ಲಿ ಉದ್ಯೋಗದಲ್ಲಿದ್ದಾರೆ. ‘ಒಮ್ಮೆ ಬಂದು ಊರು ನೋಡಿಕೊಂಡು ಹೋಗಿ’ ಎಂಬ ಕರೆ ವರ್ಷಗಳಿಂದ ಬರುತ್ತಲೇ ಇದೆ. ಮಲೆನಾಡಿನ ಅನೇಕ ಮನೆಗಳಲ್ಲಿ ಈ ಮಾತು ಅಡಿಕೆ ಕೊಯ್ಲು, ಮಂಡಿನೋವು, ಖರ್ಚಿನ ಲೆಕ್ಕಾಚಾರಗಳ ನಡುವೆ ಮುಂದಕ್ಕೆ ಹೋಗುತ್ತಿರುತ್ತದೆ. ಹುಂಚದಂತಹ ಊರಿನ, ಅರವತ್ತೈದು ದಾಟಿದ ಬೆಳೆಗಾರ ದಂಪತಿಯೊಂದು ಈ ಬಾರಿ ಹೊರಟೇಬಿಡಲು ನಿರ್ಧರಿಸಿದೆ ಎಂದಿಟ್ಟುಕೊಳ್ಳೋಣ. ಅವರು ತಿಳಿದಿರಬೇಕಾದದ್ದೇನು? ಇಲ್ಲಿದೆ ಒಂದು ವಿವರಣೆ.

ಪಹಣಿಯೂ ಇಂಗ್ಲಿಷಿನಲ್ಲಿರಬೇಕು

ಪ್ರವಾಸಕ್ಕೆ ಬೇಕಾಗುವುದು ‘ಸ್ಟ್ಯಾಂಡರ್ಡ್ ವಿಸಿಟರ್’ ವೀಸಾ. ಸಾಮಾನ್ಯವಾಗಿ ಒಂದು ಭೇಟಿಯಲ್ಲಿ ಗರಿಷ್ಠ 6 ತಿಂಗಳು ತಂಗಲು ಇದು ಅವಕಾಶ ನೀಡುತ್ತದೆ. ಪ್ರಯಾಣಕ್ಕೆ 3 ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. ಪತಿ, ಪತ್ನಿ ಇಬ್ಬರೂ ಪ್ರತ್ಯೇಕ ಅರ್ಜಿ ಹಾಕಿ, ಪ್ರತ್ಯೇಕ ಶುಲ್ಕ ಕಟ್ಟಬೇಕು. ಬೆರಳಚ್ಚು ಮತ್ತು ಭಾವಚಿತ್ರ ನೀಡಲು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರಕ್ಕೆ ಒಮ್ಮೆ ಹೋಗಿ ಬರಬಹುದು. ಆ ಬಳಿಕ ಸಾಮಾನ್ಯವಾಗಿ 3 ವಾರಗಳಲ್ಲಿ ತೀರ್ಮಾನ ಹೊರಬೀಳುತ್ತದೆ.

ಕೃಷಿಕರಿಗೆ ತೊಡಕಾಗುವುದು ದಾಖಲೆಗಳ ವಿಷಯದಲ್ಲಿ. ಸಂಬಳದಾರರಿಗೆ ವೇತನ ಚೀಟಿ, ಆದಾಯ ತೆರಿಗೆ ವಿವರಗಳಿರುತ್ತವೆ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲವಾದ ಕಾರಣ ಬಹಳಷ್ಟು ಬೆಳೆಗಾರರ ಬಳಿ ಅಂತಹ ಕಾಗದಗಳೇ ಇರುವುದಿಲ್ಲ. ಅಡಿಕೆ ಹಣವಾದರೂ ತಿಂಗಳು ತಿಂಗಳು ಬರುವುದಲ್ಲ, ಮಾರಾಟವಾದಾಗ ಒಮ್ಮೆಲೇ ಖಾತೆಗೆ ಬೀಳುತ್ತದೆ. ದೂರದಲ್ಲಿ ಕುಳಿತು ಬ್ಯಾಂಕ್ ವಿವರ ನೋಡುವ ಅಧಿಕಾರಿಗೆ ಅದು ವೀಸಾಕ್ಕಾಗಿ ಯಾರೋ ತಂದು ಹಾಕಿದ ಹಣದಂತೆ ತೋರಬಹುದು. ಆದ್ದರಿಂದ ಅಡಿಕೆ ಮಂಡಿಯ ಮಾರಾಟ ಪಟ್ಟಿಗಳನ್ನು ಬ್ಯಾಂಕ್ ವಿವರದೊಂದಿಗೆ ಲಗತ್ತಿಸುವುದು ಅತ್ಯವಶ್ಯ. ಪಹಣಿ ಸೇರಿದಂತೆ ಕನ್ನಡದಲ್ಲಿರುವ ಪ್ರತಿಯೊಂದು ದಾಖಲೆಗೂ ಅನುವಾದಕರ ಸಹಿ ಮತ್ತು ದೃಢೀಕರಣವುಳ್ಳ ಇಂಗ್ಲಿಷ್ ಅನುವಾದ ಬೇಕು. ಪಹಣಿಗೆ ಇನ್ನೊಂದು ಮಹತ್ವವೂ ಇದೆ. ಊರಿನಲ್ಲಿ ಜಮೀನು, ತೋಟ ಇದೆ, ಇವರು ಮರಳಿ ಬರುತ್ತಾರೆ ಎಂಬುದಕ್ಕೆ ಅದು ಸಾಕ್ಷಿ.

ಈ ಎಚ್ಚರಿಕೆಗೆ ಕಾರಣವಿದೆ. ವೀಸಾ ನಿರಾಕರಣೆಯಾದರೆ ಶುಲ್ಕ ಹಿಂದಿರುಗುವುದಿಲ್ಲ. ಕುಟುಂಬದವರನ್ನು ಕಾಣಲು ಹೋಗುವವರಿಗೆ ಇದ್ದ ಪೂರ್ಣ ಮೇಲ್ಮನವಿ ಹಕ್ಕನ್ನು 2013ರಲ್ಲಿ ತೆಗೆದುಹಾಕಲಾಯಿತು. ಅದಕ್ಕೂ ಮುನ್ನ, 2012ರಲ್ಲಿ, ವೃದ್ಧ ತಂದೆತಾಯಿಯರು ಅಲ್ಲಿಯೇ ನೆಲೆಸಲು ಬೇಕಾದ ವೀಸಾದ ನಿಯಮಗಳನ್ನು ಅತ್ಯಂತ ಬಿಗಿಗೊಳಿಸಲಾಗಿತ್ತು. ಹೀಗಾಗಿ ಹಲವು ತಂದೆತಾಯಿಯರಿಗೆ ಮಕ್ಕಳ ಮನೆಯನ್ನು ಕಣ್ಣಾರೆ ಕಾಣಲು ಉಳಿದಿರುವುದು ಪ್ರವಾಸಿ ವೀಸಾ ಒಂದೇ.

ಮೇ ತಿಂಗಳೇ ಏಕೆ?

ಮೇ ವೇಳೆಗೆ ಅಡಿಕೆ ಸಂಸ್ಕರಣೆ ಮುಗಿದಿರುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಲು ತೋಟದ ಯಜಮಾನ ಊರಿನಲ್ಲಿರಬೇಕು. ಇವೆರಡರ ನಡುವಿನ ಬಿಡುವು ಇಂಗ್ಲೆಂಡಿನ ವಸಂತಕಾಲದೊಂದಿಗೆ ಹೊಂದಿಕೆಯಾಗುತ್ತದೆ.

ರಾತ್ರಿಭೋಜನ ತ್ಯಜಿಸಿದ ಜೈನ ಕುಟುಂಬಗಳಿಗೆ ಇದರಲ್ಲಿ ಮತ್ತೊಂದು ಅನುಕೂಲವಿದೆ. ಲಂಡನ್ನಿನಲ್ಲಿ ಮೇ ಮಧ್ಯಭಾಗದಲ್ಲಿ ಸೂರ್ಯಾಸ್ತವಾಗುವುದು ರಾತ್ರಿ 8.45ರ ಸುಮಾರಿಗೆ, ಜೂನ್ ಮೂರನೆಯ ವಾರದಲ್ಲಿ 9.20ರ ನಂತರ. ದಿನವಿಡೀ ಊರು ಸುತ್ತಿ ಬಂದು ನಿಧಾನವಾಗಿ ಊಟ ಮಾಡಬಹುದು. ಡಿಸೆಂಬರಿನಲ್ಲಾದರೋ ಸಂಜೆ 4 ಗಂಟೆಗೆ ಮುನ್ನವೇ ಸೂರ್ಯ ಮುಳುಗುತ್ತಾನೆ. ಆಗ ಹೋದವರು ವಸ್ತುಸಂಗ್ರಹಾಲಯದ ನಡುವೆಯೇ ಬುತ್ತಿ ಬಿಚ್ಚಬೇಕಾದೀತು!

ಲಂಡನ್, ಲೆಸ್ಟರ್, ಬಾತ್

ಲಂಡನ್ನಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಹಾಗೂ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗಳ ಶಾಶ್ವತ ಸಂಗ್ರಹಗಳನ್ನು ಟಿಕೆಟ್ ಇಲ್ಲದೆ ನೋಡಬಹುದು. ಎರಡನೆಯದರ ಸಂಗ್ರಹದಲ್ಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ‘ಟಿಪ್ಪುವಿನ ಹುಲಿ’ ಇದೆ. ಯಾವ ವಸ್ತು ಪ್ರದರ್ಶನದಲ್ಲಿದೆ ಎಂಬುದನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳುವುದು ಒಳಿತು. ಥೇಮ್ಸ್ ನದಿಯ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವೇಶ್ವರರ ಪ್ರತಿಮೆ ಕನ್ನಡಿಗರು ತಪ್ಪದೆ ಭೇಟಿ ನೀಡುವ ತಾಣ.

ಹುಂಚದವರಿಗೆ ಹೆಚ್ಚು ಆಪ್ತವೆನಿಸಬಹುದಾದದ್ದು ಲೆಸ್ಟರ್. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಿಂದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ದಾರಿ. ಇಲ್ಲಿನ ಹಳೆಯ ಚರ್ಚೊಂದನ್ನು ಪರಿವರ್ತಿಸಿ ರೂಪಿಸಿದ ಜೈನ ಮಂದಿರ 1988ರಲ್ಲಿ ಪ್ರತಿಷ್ಠಾಪನೆಗೊಂಡಿತು. ಶ್ವೇತಾಂಬರ, ದಿಗಂಬರ ಎರಡೂ ಪಂಥಗಳಿಗೆ ಒಂದೇ ಸೂರಿನಡಿ ಸ್ಥಳವಿರುವುದು ಇದರ ವಿಶೇಷ. ಸಾಂತರರ ಪೊಂಬುಚ್ಚದಲ್ಲಿ 1077ರ ಪಂಚಕೂಟ ಬಸದಿಯನ್ನು, ಪದ್ಮಾವತಿಯ ಸನ್ನಿಧಿಯನ್ನು ಬಾಲ್ಯದಿಂದ ಕಂಡವರಿಗೆ, ಬಿಳಿ ಅಮೃತಶಿಲೆ ಹೊದ್ದ ಈ ಕಟ್ಟಡ ಬೇರೆಯೇ ಬಗೆಯ ಅನುಭವ ನೀಡೀತು. ನಗರದ ಬೆಲ್‌ಗ್ರೇವ್ ರಸ್ತೆಯಲ್ಲಿ ಗುಜರಾತಿ ಸಸ್ಯಾಹಾರಿ ಉಪಾಹಾರ ಗೃಹಗಳು ಧಾರಾಳವಾಗಿರುವುದರಿಂದ ಊಟದ ಚಿಂತೆಯೂ ಇಲ್ಲ.

ಬಾತ್ ನಗರದಲ್ಲಿ ರೋಮನ್ನರ ಕಾಲದ ಬಿಸಿನೀರಿನ ಕೊಳವಿದೆ. ಇಲ್ಲಿ ಪ್ರವೇಶಕ್ಕೆ ಶುಲ್ಕವಿದೆ. ಊರಿನ ಮುತ್ತಿನ ಕೆರೆ ಬತ್ತುವುದಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವರು ಎರಡು ಸಾವಿರ ವರ್ಷಗಳಷ್ಟು ಹಳೆಯ ಈ ಜಲತಾಣದ ಮುಂದೆ ಸ್ವಲ್ಪ ಹೊತ್ತು ನಿಂತಾರು.

ರೈಲಿಗೆ ‘ಟು ಟುಗೆದರ್’ ಎಂಬ ರಿಯಾಯಿತಿ ಕಾರ್ಡ್ ಪಡೆದರೆ ಜೊತೆಯಾಗಿ ಪ್ರಯಾಣಿಸುವ ಇಬ್ಬರಿಗೂ ದರದಲ್ಲಿ ಮೂರನೆಯ ಒಂದು ಭಾಗ ಉಳಿತಾಯ. ಆದರೆ ವಾರದ ದಿನಗಳಲ್ಲಿ ಬೆಳಿಗ್ಗೆ 9.30ಕ್ಕೆ ಮುನ್ನ ಇದು ನಡೆಯದು. ನಡೆಯಲು ಕಷ್ಟವಿರುವವರು ರೈಲು ನಿಲ್ದಾಣಗಳಲ್ಲಿ ಉಚಿತ ನೆರವನ್ನು ಮುಂಚಿತವಾಗಿ ಕೋರಬಹುದು. ವಿಮಾನಕ್ಕಾದರೆ ಗಾಲಿಕುರ್ಚಿಯ ಕೋರಿಕೆಯನ್ನು ಕನಿಷ್ಠ 48 ಗಂಟೆ ಮೊದಲು ಸಲ್ಲಿಸಬೇಕು.

ವಿಮೆ ಮರೆತರೆ ಗಂಡಾಂತರ

‘ಅಲ್ಲಿ ಆಸ್ಪತ್ರೆ ಉಚಿತವಂತೆ’ ಎಂಬ ಮಾತು ಪ್ರವಾಸಿಗರಿಗೆ ಅನ್ವಯಿಸುವುದಿಲ್ಲ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳ ತುರ್ತು ವಿಭಾಗದಲ್ಲಿ ನೀಡುವ ಚಿಕಿತ್ಸೆಗೆ ಶುಲ್ಕವಿಲ್ಲ. ಒಳರೋಗಿಯಾಗಿ ದಾಖಲಾದ ಕ್ಷಣದಿಂದ ಲೆಕ್ಕ ಆರಂಭ. ಭಾರತದಿಂದ ಹೋದ ಪ್ರವಾಸಿಗರಿಗೆ ನಿಗದಿತ ದರದ ಒಂದೂವರೆ ಪಟ್ಟು ವಿಧಿಸಲಾಗುತ್ತದೆ. ಒದ್ದೆ ಮೆಟ್ಟಿಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದರೆ ಜೀವಮಾನದ ಉಳಿತಾಯಕ್ಕೇ ಕುತ್ತು ಬರಬಹುದು.

ಪ್ರವಾಸ ವಿಮೆಯು ವೀಸಾಕ್ಕೆ ಕಡ್ಡಾಯವಲ್ಲದ ಕಾರಣ ಅನೇಕರು ಅದನ್ನು ಕೈಬಿಡುತ್ತಾರೆ. ಕೊಳ್ಳುವವರೂ ಕಂತು ಹೆಚ್ಚಾದೀತೆಂದು ರಕ್ತದೊತ್ತಡ, ಮಧುಮೇಹ, ಹಿಂದಿನ ಹೃದಯ ಚಿಕಿತ್ಸೆಗಳನ್ನು ಮುಚ್ಚಿಡುವುದುಂಟು. ಅಗತ್ಯ ಬಿದ್ದಾಗ ಪರಿಹಾರ ತಿರಸ್ಕೃತವಾಗಲು ಅಷ್ಟೇ ಸಾಕು. ಇರುವ ಕಾಯಿಲೆಗಳನ್ನು ತಿಳಿಸಿ, ಅವುಗಳಿಗೂ ರಕ್ಷಣೆ ಇರುವ ವಿಮೆಯನ್ನೇ ಕೊಳ್ಳಬೇಕು. ಔಷಧಿಗಳನ್ನು ಮೂಲ ಪೊಟ್ಟಣದಲ್ಲಿ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು.

ಮಂಡಿಯ ಪಟ್ಟಿಗಳನ್ನು ಜೋಡಿಸಿ, ಪಹಣಿ ಅನುವಾದ ಮಾಡಿಸಿ, ವಿಮೆ ಕೊಂಡು ಮೇ ತಿಂಗಳಲ್ಲಿ ಹೊರಡಬೇಕೆಂದರೆ ಫೆಬ್ರುವರಿಯಲ್ಲೇ ಕಾಗದಪತ್ರಗಳ ಕೆಲಸ ಆರಂಭವಾಗಬೇಕು. ಮುಂದಿನ ವರ್ಷ ನೋಡೋಣ ಎಂದು ಮುಂದೂಡುತ್ತ ಹೋದರೆ ಮಂಡಿನೋವಂತೂ ಕಡಿಮೆಯಾಗುವುದಿಲ್ಲ.