ವಕಾಲತ್ತಿಗೆ ಸಹಿ ಹಾಕುವ ಮುನ್ನ

ನ್ಯಾಯಾಲಯಕ್ಕೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂಬ ಮಾತನ್ನು ಕೇಳಿಕೊಂಡೇ ಬೆಳೆದವನು ನಾನು. ನಮ್ಮ ತಂದೆಯವರು ತಮ್ಮ ಇಡೀ ಆಯುಷ್ಯದಲ್ಲಿ ಒಮ್ಮೆಯೂ ಕೋರ್ಟಿನ ಮೆಟ್ಟಿಲು ತುಳಿಯಲಿಲ್ಲವೆಂಬುದನ್ನು ನಾವು ಮನೆತನದ ಹಿರಿಮೆಯೆಂಬಂತೆ ಹೇಳಿಕೊಳ್ಳುತ್ತಿದ್ದೆವು. ಆ ಹಿರಿಮೆಗೆ ತೆರಬೇಕಾದ ಬೆಲೆಯೆಷ್ಟೆಂದು ಯೋಚಿಸುವ ಪ್ರಸಂಗ 2023ರ ಮಾರ್ಚ್ ತಿಂಗಳಲ್ಲಿ ಒದಗಿತು.

ನನ್ನ ತಮ್ಮನದು ದರ್ಜಿಯ ಕೆಲಸ. ಆಗ ಅವನಿಗೆ ಮೂವತ್ತೆಂಟು ವರ್ಷ. ಸಂಜೆ ಅಂಗಡಿ ಮುಚ್ಚಿ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದಾಗ ಹಿಂದಿನಿಂದ ಕಾರೊಂದು ಬಡಿದು, ಬಲಗಾಲಿನ ಮೂಳೆ ಪಾದದ ಗಂಟಿನ ಬಳಿ ಎರಡು ಕಡೆ ಮುರಿಯಿತು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಮಂಚದ ಬಳಿಗೆ ಇಬ್ಬರು ಬಂದರು. ಮೊದಲು ಬಂದವರು ಕಾರಿನ ಒಡೆಯರ ಬಂಧುಗಳು, ಬಹಳ ಸಭ್ಯರು. ಒಂದಿಷ್ಟು ಕಿತ್ತಳೆ ಹಣ್ಣು, ಇಪ್ಪತ್ತು ಸಾವಿರ ರೂಪಾಯಿ, ಜೊತೆಗೆ ಬರೆದು ಸಿದ್ಧಪಡಿಸಿದ ಒಂದು ಛಾಪಾಕಾಗದವನ್ನು ತಂದಿದ್ದರು. ಪೊಲೀಸರಿಗೆ ದೂರು ಕೊಡುವುದಿಲ್ಲ, ಮುಂದೆ ಯಾವ ಹಕ್ಕನ್ನೂ ಸಾಧಿಸುವುದಿಲ್ಲ ಎಂಬುದು ಅದರ ಒಕ್ಕಣೆ. ಅವರು ಹೊರಟ ಅರ್ಧ ಗಂಟೆಗೆ ಯಾರೋ ವಕೀಲರ ಕಡೆಯವನೊಬ್ಬ ಖಾಲಿ ವಕಾಲತ್ತು ಹಿಡಿದು ಬಂದ. “ಕೈಯಿಂದ ಒಂದು ಪೈಸೆಯೂ ಬೇಡಿ. ಬಂದ ಹಣದಲ್ಲಿ ಕಾಲು ಭಾಗ ಕೊಟ್ಟರೆ ಸಾಕು” ಎಂದ.

“ಅಣ್ಣ, ಅವರೇನು ಬೇಕೆಂದು ಗುದ್ದಿದರೇ? ಇಲ್ಲಿಗೇ ಮುಗಿಸಿಬಿಡೋಣ” ಎಂದು ತಮ್ಮ ಛಾಪಾಕಾಗದದ ಕಡೆಗೆ ಕೈ ನೀಡಿದ. ನಿಜ ಹೇಳಬೇಕೆಂದರೆ ನನ್ನ ಮನಸ್ಸೂ ಅತ್ತಲೇ ವಾಲಿತ್ತು. ಅಷ್ಟರಲ್ಲಿ ವೈದ್ಯರು ಬಂದರು. ಕಾಲು ಮೊದಲಿನಂತಾಗುವುದೇ ಎಂದು ಕೇಳಿದ್ದಕ್ಕೆ, ಮೂರು ತಿಂಗಳು ಕಳೆಯದೆ ಏನನ್ನೂ ಹೇಳಲಾರೆ ಎಂದರು. ಅವರು ಹೋದ ಮೇಲೆ ತಮ್ಮನೇ ಕಾಗದವನ್ನು ಮಡಿಸಿಟ್ಟ. “ಅಳತೆ ತೆಗೆಯದೆ ಕತ್ತರಿ ಹಾಕಬಾರದು” ಎಂದ. ಆ ದಿನ ನಾವು ಯಾವುದಕ್ಕೂ ಸಹಿ ಹಾಕಲಿಲ್ಲ.

ಆದರೆ ಸಹಿ ಹಾಕದಿರುವುದು ಬೇರೆ, ಸುಮ್ಮನೆ ಕೂರುವುದು ಬೇರೆ. ಆ ಮಧ್ಯಾಹ್ನವೇ ನಾನು ಠಾಣೆಗೆ ಹೋಗಿ ಕಾರಿನ ಸಂಖ್ಯೆಯನ್ನು ನಮೂದಿಸಿ ದೂರು ಕೊಟ್ಟೆ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರವನ್ನು ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆಯಾದರೂ, ತಡವಾದ ಒಂದೊಂದು ದಿನಕ್ಕೂ ವಿಮಾ ಕಂಪನಿಯವರು ಲೆಕ್ಕ ಕೇಳದೆ ಬಿಡುವುದಿಲ್ಲ. ಎಫ್.ಐ.ಆರ್. ಪ್ರತಿ, ಪಂಚನಾಮೆ, ಆಸ್ಪತ್ರೆಯ ಗಾಯದ ಪ್ರಮಾಣಪತ್ರ, ಔಷಧದ ರಸೀತಿಗಳು, ಕಾರಿನ ವಿಮಾ ಪಾಲಿಸಿಯ ಪ್ರತಿ—ಇವುಗಳನ್ನು ಕೂಡಿಸುವುದಕ್ಕೆ ವಕೀಲರು ಬೇಕಿಲ್ಲ. ಮನೆಯವರೊಬ್ಬರಿಗೆ ತಾಳ್ಮೆಯಿದ್ದರೆ ಸಾಕು.

ಹದಿನೈದು ದಿನಗಳ ಮೇಲೆ, ಈ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಮ್ಮ ತಾಲ್ಲೂಕಿನ ಹಿರಿಯ ವಕೀಲರೊಬ್ಬರನ್ನು ಕಂಡೆ. ಆಸ್ಪತ್ರೆಗೆ ಬಂದವನ ಮಾತು ತಿಳಿಸಿದಾಗ ಅವರು ನಕ್ಕರು. “ಮೇಷ್ಟ್ರೇ, ಬರುವ ಹಣದಲ್ಲಿ ಪಾಲು ಕೇಳುವುದಕ್ಕೆ ಭಾರತೀಯ ವಕೀಲರ ಪರಿಷತ್ತಿನ ನಿಯಮದಲ್ಲಿ ಅವಕಾಶವಿಲ್ಲ. ದಲ್ಲಾಳಿಗಳನ್ನು ಕಳುಹಿಸಿ ಕಕ್ಷಿಗಾರರನ್ನು ಹಿಡಿಯುವುದಕ್ಕೂ ಇಲ್ಲ. ನನ್ನ ಫೀಜು ಎಷ್ಟೆಂದು ಈಗಲೇ ಹೇಳುತ್ತೇನೆ, ಬರೆದುಕೊಳ್ಳಿ” ಎಂದರು. ಅಷ್ಟಕ್ಕೇ ನನಗೆ ಅವರಲ್ಲಿ ವಿಶ್ವಾಸ ಹುಟ್ಟಿತು.

ವಕೀಲರೇ ಬೇಡವಾದ ಪ್ರಸಂಗಗಳೂ ಉಂಟೆಂದು ಅವರೇ ಹೇಳಿದರು. ತರಚು ಗಾಯವಾಗಿ ವಾರದಲ್ಲಿ ಮಾಯ್ದರೆ ದಾವೆಯ ಶ್ರಮ ಲಾಭಕ್ಕಿಂತ ಹೆಚ್ಚು. ಗುದ್ದಿದ ವಾಹನ ಯಾವುದೆಂದೇ ಗೊತ್ತಾಗದಿದ್ದರೆ 2022ರ ಯೋಜನೆಯಂತೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿಯೆಂದು ಗೊತ್ತುಮಾಡಿದೆ. ಅದಕ್ಕೆ ಕಂದಾಯ ಅಧಿಕಾರಿಗೆ ಅರ್ಜಿ ಕೊಟ್ಟರಾಯಿತು. ವಕೀಲರ ಫೀಜಿಗೆ ಗತಿಯಿಲ್ಲದವರಿಗೆ 1987ರ ಕಾಯಿದೆಯ ಮೇರೆಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವುಂಟು. ಹೆಂಗಸರು ಮತ್ತು ಮಕ್ಕಳು ಅದಕ್ಕೆ ಆದಾಯದ ಲೆಕ್ಕವನ್ನೂ ಕೊಡಬೇಕಿಲ್ಲ. ವಕೀಲರು ಬೇಕೇಬೇಕಾಗುವುದು ಸಾವು ಸಂಭವಿಸಿದಾಗ, ಅಂಗ ಊನವಾಗಿ ಉಳಿಯುವ ಶಂಕೆಯಿದ್ದಾಗ, ತಪ್ಪು ಯಾರದೆಂಬ ವಿವಾದವೆದ್ದಾಗ.

ನಮ್ಮದು ಎರಡನೆಯ ಬಗೆ. ಮೂರು ತಿಂಗಳ ಮೇಲೆ ಮೂಳೆ ಕೂಡಿತು, ಆದರೆ ಪಾದ ಪೂರ್ತಿ ಬಾಗದಾಯಿತು. ಇಡೀ ದೇಹಕ್ಕೆ ಲೆಕ್ಕ ಹಾಕಿದರೆ ಊನ ಶೇಕಡ 10 ಎಂದು ವೈದ್ಯರು ಬರೆದರು. ತಮ್ಮನ ಆದಾಯ ತಿಂಗಳಿಗೆ ಹನ್ನೆರಡು ಸಾವಿರ, ಅಂದರೆ ವರ್ಷಕ್ಕೆ 1,44,000 ರೂಪಾಯಿ. ಅವನ ವಯಸ್ಸಿಗೆ 2009ರ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿರುವ ಗುಣಕ 15. ಈ ಎರಡನ್ನೂ ಗುಣಿಸಿ ಶೇಕಡ 10 ತೆಗೆದರೆ 2,16,000 ರೂಪಾಯಿ ಆಯಿತು. ಲೆಕ್ಕ ಅಲ್ಲಿಗೇ ಮುಗಿಯಿತೆಂದು ನಾನು ತಿಳಿದಿದ್ದೆ.

ವಕೀಲರು ಒಂದೇ ಒಂದು ಪ್ರಶ್ನೆ ಕೇಳಿದರು: “ಹೊಲಿಗೆಯ ಯಂತ್ರವನ್ನು ತುಳಿಯುವುದು ಯಾವ ಕಾಲಿನಿಂದ?”

ಮೇಷ್ಟರಾದ ನನಗೆ ಪಾದ ಬಾಗದಿದ್ದರೆ ಪಾಠ ನಿಲ್ಲುವುದಿಲ್ಲ. ದರ್ಜಿಗೆ ದುಡಿಮೆಯೇ ಕುಂಟುತ್ತದೆ. ಅಂಗದ ಊನವನ್ನು ಆ ಮನುಷ್ಯನ ಕಸುಬಿನೊಡನೆ ಹೋಲಿಸಿಯೇ ಗಳಿಕೆಯ ನಷ್ಟವನ್ನು ಕಟ್ಟಬೇಕೆಂದು ಸುಪ್ರೀಂ ಕೋರ್ಟು 2010ರ ರಾಜ್‌ಕುಮಾರ್ ಪ್ರಕರಣದಲ್ಲಿ ವಿಧಿಸಿದೆಯಂತೆ. ಆ ತೀರ್ಪಿನ ಬಲದಿಂದ ವಕೀಲರು ವೈದ್ಯರನ್ನು ನ್ಯಾಯಮಂಡಳಿಯ ಮುಂದೆ ಪ್ರಶ್ನಿಸಿದರು. ನಷ್ಟ ಶೇಕಡ 20 ಎಂದು ಮಂಡಳಿ ಒಪ್ಪಿತು. ಆ ಒಂದು ಬಾಬಿನಲ್ಲೇ 2,16,000 ಇದ್ದದ್ದು 4,32,000 ಆಯಿತು. ಆಸ್ಪತ್ರೆಯ ಖರ್ಚು, ನೋವಿನ ಪರಿಹಾರ, ಬಡ್ಡಿ ಇವೆಲ್ಲ ಬೇರೆ. ಛಾಪಾಕಾಗದದ ಇಪ್ಪತ್ತು ಸಾವಿರ ನೆನಪಾಗಿ ನನ್ನ ಎದೆ ನಡುಗಿತು.

ಕಾಯುವುದಕ್ಕೂ ಒಂದು ಮಿತಿಯಿದೆ. 2019ರ ತಿದ್ದುಪಡಿಯಿಂದ ಬಂದು 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಬೇಕು. ಈ ನಿಯಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೊಳಗಾಗಿದ್ದರೂ ಅದನ್ನೇ ನಂಬಿ ಕೂರುವುದು ವಿವೇಕವಲ್ಲ. ನಾವು ಆಗಸ್ಟ್ ತಿಂಗಳಲ್ಲೇ ಅರ್ಜಿ ಹಾಕಿದೆವು.

ತಮ್ಮನಿಗೆ ಕೊನೆಯವರೆಗೂ ಒಂದು ಅಳುಕಿತ್ತು: ಕಾರಿನವರ ಮೇಲೆ ದಾವೆ ಹೂಡಿ ಅವರ ಮನಸ್ಸು ನೋಯಿಸಿದೆವೇನೋ ಎಂದು. ಮೂರನೆಯವರಿಗಾಗುವ ಹಾನಿಗೆ ವಿಮೆ ಮಾಡಿಸಲೇಬೇಕೆಂದು 1939ರ ಮೋಟಾರು ವಾಹನ ಕಾಯಿದೆಯೇ ಕಡ್ಡಾಯ ಮಾಡಿದ್ದು ಇಂಥ ದಿನಕ್ಕಾಗಿಯೇ. 1956ರ ತಿದ್ದುಪಡಿ ಇದಕ್ಕೆಂದೇ ಪ್ರತ್ಯೇಕ ನ್ಯಾಯಮಂಡಳಿಗೆ ದಾರಿ ಮಾಡಿತು. ಹಣ ತೆತ್ತದ್ದು ವಿಮಾ ಕಂಪನಿ. ಕಾರಿನ ಒಡೆಯರು ಸಾಕ್ಷ್ಯದ ದಿನ ಬಂದವರು ನಮ್ಮ ಬೆಂಚಿನಲ್ಲೇ ಕುಳಿತರು. ಊಟದ ಹೊತ್ತಿಗೆ ನ್ಯಾಯಾಲಯದ ಎದುರಿನ ಹೋಟೆಲಿನಲ್ಲಿ ಮೂವರೂ ಕೂಡಿ ಕಾಫಿ ಕುಡಿದೆವು. “ಕಾಲು ಈಗ ಹೇಗಿದೆಯಪ್ಪ?” ಎಂದು ಅವರು ತಮ್ಮನನ್ನು ಕೇಳಿದರು. ಆ ದಿನ ಕಾಫಿಯ ಹಣವನ್ನು ಕೊಟ್ಟವರೂ ಅವರೇ.

ನಮ್ಮ ತಂದೆಯವರು ಬದುಕಿದ್ದರೆ ಈ ದಾವೆಗೆ ಏನೆನ್ನುತ್ತಿದ್ದರೋ. ತಮ್ಮ ಈಗ ವಿದ್ಯುತ್ ಮೋಟಾರು ಅಳವಡಿಸಿದ ಯಂತ್ರದಲ್ಲಿ ಎಡಗಾಲಿನಿಂದ ಹೊಲಿಯುವುದನ್ನು ಕಲಿತಿದ್ದಾನೆ. ಆ ಯಂತ್ರವನ್ನು ಕೊಂಡದ್ದು ಪರಿಹಾರದ ಹಣದಿಂದ.