ಮೂರು ಕಾರ್ಡ್, ಒಂದೇ ಸಂಬಳ: ಯಾವ ಸಾಲ ಮೊದಲು?



ಮುಂಚೆ ನಮ್ಮ ಸ್ವಸಹಾಯ ಸಂಘಗಳಲ್ಲಿ ಸಾಲ ಅಂದರೆ ಕೈಸಾಲ, ಬಂಗಾರದ ಸಾಲ, ಸಂಘದ ಸಾಲ, ಇಷ್ಟೇ. ಈಗ ಸಭೆ ಮುಗಿದ ಮೇಲೆ ತಾಯಂದಿರು ಹಿಂದೆ ಉಳಿದು ಮೆಲ್ಲಗೆ ಕೇಳುತ್ತಾರೆ: "ಸಿಸ್ಟರ್, ಮಗನಿಗೆ ಮೂರು ಕ್ರೆಡಿಟ್ ಕಾರ್ಡ್ ಸಾಲ ಇದೆ. ಸಂಘದಿಂದ ತೆಗೆದು ಕಟ್ಟಿಬಿಡಲಾ?"

ಸ್ವಲ್ಪ ತಡೆಯಿರಿ ಅಂತೇವೆ. ಮೊದಲು ಮಗನೂ ಬರಲಿ, ಮೂರು ಬಿಲ್ಲುಗಳೂ ಬರಲಿ.

ಹೆಚ್ಚಿನವರು ಯಾರು ಜೋರಾಗಿ ಫೋನ್ ಮಾಡುತ್ತಾರೋ ಅವರಿಗೆ ಮೊದಲು ಕಟ್ಟುತ್ತಾರೆ. ಅದು ಹೆದರಿಕೆಯ ಲೆಕ್ಕ. ನೋಡಬೇಕಾದದ್ದು ಬಡ್ಡಿಯನ್ನು. ಒಂದು ಉದಾಹರಣೆ ತೆಗೆದುಕೊಳ್ಳೋಣ.

ಮೊದಲನೇ ಕಾರ್ಡ್: ಫ್ರಿಜ್ ಕೊಂಡ ಕಂತು, ಬಾಕಿ 30,000 ರೂ., ಬಡ್ಡಿ ನೂರಕ್ಕೆ ತಿಂಗಳಿಗೆ ಒಂದೂವರೆ ರೂಪಾಯಿ.
ಎರಡನೇ ಕಾರ್ಡ್: ಬಾಕಿ 40,000 ರೂ., ನೂರಕ್ಕೆ ಮೂರೂಮುಕ್ಕಾಲು.
ಮೂರನೇ ಕಾರ್ಡ್: ಬಾಕಿ 6,000 ರೂ., ನೂರಕ್ಕೆ ಮೂರೂವರೆ.

ಮೂರೂಮುಕ್ಕಾಲು ಅಂದರೆ ಕೇಳಲು ಸಣ್ಣದು. ವರ್ಷಕ್ಕೆ ನೂರಕ್ಕೆ 45 ಆಯಿತು! ಎರಡನೇ ಕಾರ್ಡಿಗೆ 'ಕನಿಷ್ಠ ಮೊತ್ತ' ನೂರಕ್ಕೆ 5ರಂತೆ 2,000 ರೂ. ಕಟ್ಟಿದರೆ, ಬಡ್ಡಿಗೆ 1,500, ಅದರ ಮೇಲಿನ 18 ಶೇಕಡಾ ಜಿಎಸ್‌ಟಿಗೆ 270 ಹೋಗಿ, ಅಸಲಿನಲ್ಲಿ ಕಡಿಮೆಯಾಗುವುದು ಬರೇ 230 ರೂ. ತಿಂಗಳು ತಿಂಗಳು ಕಟ್ಟಿಯೂ ಸಾಲ ಕರಗುವುದಿಲ್ಲ ಅಂತ ಮಕ್ಕಳು ಹೇಳುವುದು ಸುಳ್ಳಲ್ಲ.

ಹಾಗಾದರೆ ಹೇಗೆ ಕಟ್ಟೋದು?

1. ಅಕ್ಕಿ, ಬಾಡಿಗೆ, ಔಷಧಿ, ಶಾಲೆ ಫೀಸಿನ ಹಣವನ್ನು ಮೊದಲು ಬದಿಗೆ ಇಡಿ.

2. ಮೂರು ಕಾರ್ಡಿಗೂ ಕಂತು ಅಥವಾ ಕನಿಷ್ಠ ಮೊತ್ತವನ್ನು ಕೊನೆಯ ದಿನಾಂಕದ ಒಳಗೆ ಕಟ್ಟಿ. ತಪ್ಪಿದರೆ ದಂಡ ಬೀಳುತ್ತದೆ, ಮುಂದೆ ಮನೆ ಸಾಲ ಸಿಗುವುದೂ ಕಷ್ಟವಾಗುತ್ತದೆ.

3. ಮೇಲೆ ಉಳಿದದ್ದೆಲ್ಲ ಹೆಚ್ಚು ಬಡ್ಡಿಯ ಕಾರ್ಡಿಗೆ. 4,000 ರೂ. ಹೆಚ್ಚಿಗೆ ಇದ್ದರೆ, ಫ್ರಿಜ್ಜಿನ ಕಂತಿಗೆ ಹಾಕಿದರೆ ತಿಂಗಳಿಗೆ ಉಳಿಯುವ ಬಡ್ಡಿ 60 ರೂ.; ಎರಡನೇ ಕಾರ್ಡಿಗೆ ಹಾಕಿದರೆ 150 ರೂ. ಕಂತಿನ ಸಾಲವನ್ನು ಬೇಗ ಮುಗಿಸಲು ಕೆಲವು ಬ್ಯಾಂಕುಗಳು ಶುಲ್ಕವನ್ನೂ ಕೇಳುತ್ತವೆ. ಅದು ತನ್ನ ಪಾಡಿಗೆ ಹೋಗಲಿ.

4. ಬಡ್ಡಿ ಹೆಚ್ಚುಕಡಿಮೆ ಒಂದೇ ಇದ್ದರೆ ಸಣ್ಣದನ್ನು ಮುಗಿಸಿಬಿಡಿ. ಇಲ್ಲಿ 6,000ದ ಕಾರ್ಡ್ ಎರಡು ತಿಂಗಳಲ್ಲಿ ತೀರುತ್ತದೆ. ಒಂದು ಬಿಲ್ಲು ಕಡಿಮೆ, ಮನಸ್ಸಿಗೂ ಧೈರ್ಯ. ಆಮೇಲೆ ಪೂರ್ತಿ ಬಲ ಎರಡನೆಯದರ ಮೇಲೆ.

5. ಬಾಕಿ ಇರುವ ಕಾರ್ಡನ್ನು ಉಜ್ಜಬೇಡಿ. ಹಳೆ ಬಾಕಿ ಇದ್ದಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ, ಕೊಂಡ ದಿನದಿಂದಲೇ ಬಡ್ಡಿ. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆದರಂತೂ ಯಾವಾಗಲೂ ಹಾಗೆಯೇ, ಜೊತೆಗೆ ಶುಲ್ಕ ಬೇರೆ.

ಕನಿಷ್ಠ ಮೊತ್ತವೂ ಕಟ್ಟಲಾಗದಿದ್ದರೆ ಫೋನ್ ಆಫ್ ಮಾಡಿ ಕೂರಬೇಡಿ. ಬ್ಯಾಂಕಿಗೆ ಬರೆದು, ಬಾಕಿಯನ್ನು ಕಡಿಮೆ ಬಡ್ಡಿಯ ಕಂತು ಮಾಡಿಕೊಡಿ ಎಂದು ಕೇಳಿ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡಬಾರದು, ಬೈಯಬಾರದು, ಬೆದರಿಸಬಾರದು. ಇದು ರಿಸರ್ವ್ ಬ್ಯಾಂಕಿನ ನಿಯಮ. ಬ್ಯಾಂಕಿಗೆ ದೂರು ಕೊಟ್ಟು 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. ಮಾಹಿತಿಗೆ 14448.

ಈಗ ಆ ತಾಯಿಯ ಪ್ರಶ್ನೆ. ಸಂಘದ ಸಾಲ ನೂರಕ್ಕೆ ಒಂದೋ ಒಂದೂವರೆಯೋ ಇದ್ದರೆ, ಅದರಿಂದ ಮೂರೂಮುಕ್ಕಾಲಿನ ಸಾಲ ತೀರಿಸುವುದು ಲೆಕ್ಕಕ್ಕೆ ಲಾಭವೇ. ಆದರೆ ಕಾರ್ಡ್ ಮಗನ ಹೆಸರಿನಲ್ಲಿ, ಸಂಘದ ಸಾಲ ತಾಯಿಯ ಹೆಸರಿನಲ್ಲಿ. ಅವನು ಕಟ್ಟದಿದ್ದರೆ ತಲೆ ತಗ್ಗಿಸಿ ಕೂರುವವರು ಅವರು. ಅಕ್ಕಪಕ್ಕದ ಹತ್ತು ಹೆಂಗಸರ ಉಳಿತಾಯವೂ ಅದರಲ್ಲಿದೆ. ಆದ್ದರಿಂದ ಸಂಘದಲ್ಲಿ ವಿಷಯ ಬಚ್ಚಿಡದೆ ಹೇಳಿ, ತೀರಿಸಿದ ಕಾರ್ಡನ್ನು ಬ್ಯಾಂಕಿನಲ್ಲಿ ರದ್ದು ಮಾಡಿಸಿ, ಮಗನ ಸಂಬಳ ಬಂದ ದಿನವೇ ಕಂತು ಕೈಗೆ ಬರುವಂತೆ ಮಾತಾಡಿಕೊಂಡ ಮೇಲೆಯೇ ಸಹಿ ಹಾಕಿ. ಮೀಟರ್ ಬಡ್ಡಿಯವರ ಬಾಗಿಲಿಗೆ ಮಾತ್ರ ಹೋಗಲೇಬೇಡಿ. ನೂರಕ್ಕೆ ತಿಂಗಳಿಗೆ ಹತ್ತು ಅಂದರೆ ವರ್ಷಕ್ಕೆ 120!

ಬಿಲ್ಲುಗಳನ್ನು ಹಿಡಿದು ನಮ್ಮ ಕಚೇರಿಗೆ ಬನ್ನಿ. ಮಗನನ್ನು ಬೈಯಲು ಅಲ್ಲ, ಕೂತು ಲೆಕ್ಕ ಹಾಕಲು.